‘ಅವ್ವ ಶಾಂತಿಯಿಂದ ಹೋದ್ಲು’

ವರ್ಷಗಟ್ಟಲೆ ಮಾತು ಬಿಟ್ಟವರು ಇದ್ದಕ್ಕಿದ್ದಂತೆ ಫೋನ್ ಮಾಡಿ, “ಐತವಾರ ಬರ್ತೇನಿ, ಸುಮ್ನ” ಅಂದರೆ ನೀವು ನಂಬುತ್ತೀರಾ? ನಾನಂತೂ ನಂಬುವುದಿಲ್ಲ. ನಮ್ಮ ಕಡೆ ಯಾರೂ ‘ಸುಮ್ನ’ ಬರುವುದಿಲ್ಲ.

ಈ ಡಿಸೆಂಬರಿನಲ್ಲಿ ಅಂಥ ಫೋನ್ ಬಂದದ್ದು ಜಮಖಂಡಿಯ ನಮ್ಮ ಪಕ್ಕದ ಮನೆಯ ಎಸ್ತರ್ ಸಿಸ್ಟರ್‌ಗೆ. ನರ್ಸ್ ಆಗಿ ರಿಟೈರ್ ಆದವರು. ಇಡೀ ಓಣಿಗೆ ಅವರು ಸಿಸ್ಟರ್. (ಒಡಹುಟ್ಟಿದ ತಂಗಿಯೊಬ್ಬಳನ್ನು ಬಿಟ್ಟು.) ತಂಗಿ ಸುಶೀಲಾ ಬನಹಟ್ಟಿಯವಳು, ಗಂಡನದು ಪವರ್‌ಲೂಮ್. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯೂ ಆಗದಷ್ಟು ದೂರ. ಆದರೂ ತಾಯಿಯ ಮಣ್ಣು ಮುಗಿಸಿಕೊಂಡು ಹೋದವಳು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

“ನೀವೂ ಬಂದು ಕುಂದರ್ರಿ ಅಕ್ಕಾರ,” ಅಂದರು ಸಿಸ್ಟರ್. “ಒಬ್ರು ಸಾಕ್ಷಿ ಇದ್ರ ಛಲೋ.”

“ಏನ್ ಕೇಳಾಕ ಬರಾಕತ್ತಾಳಂತೀರಿ?”

“ಮನಿ. ಮತ್ತೇನೈತಿ? ಅವ್ವನ ಹೆಸರಿಲೆ ಇತ್ತಲ್ಲ ಇದು.”

ನನಗೂ ಹಾಗೇ ಅನ್ನಿಸಿತು. ಮತ್ತೆ ನೋಡಿ, ಆಕೆ ಆರಿಸಿಕೊಂಡ ದಿನ ಯಾವುದು? ಅಡ್ವೆಂಟಿನ ಎರಡನೇ ಭಾನುವಾರ. ಕ್ರಿಸ್‌ಮಸ್ಸಿಗೆ ಮುಂಚೆ ಕ್ರಿಸ್ತನ ಬರವಿಗಾಗಿ ಕಾಯುವ ವಾರಗಳಿಗೆ ಅಡ್ವೆಂಟ್ ಅನ್ನುತ್ತಾರೆ. ವಾರಕ್ಕೊಂದು ಮೇಣದಬತ್ತಿ ಹೊತ್ತಿಸುತ್ತಾರೆ. ಸಿಸ್ಟರ್ ಮನೆಯಲ್ಲಿ ಎರಡನೆಯದು ಶಾಂತಿಯದು. ಮುನಿದವರ ಜೊತೆ ಸಮಾಧಾನ ಆಗಬೇಕಾದ ವಾರ. ಆಸ್ತಿ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿದೆ?

ಈ ‘ಶಾಂತಿ’ ಎಂಬ ಮಾತಿನ ಮೇಲೇ ನನಗೆ ಮೊದಲಿನಿಂದ ಗುಮಾನಿ. ಸೊಸೆ ಬಾಯಿ ಮುಚ್ಚಿಕೊಂಡರೆ ಮನೆಯಲ್ಲಿ ಶಾಂತಿ. ಊರಲ್ಲಿ ಗಲಾಟೆಯಾದರೆ ಶಾಂತಿ ಸಭೆ. ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದು ಎದ್ದು ಬರುತ್ತಾರೆ. ಹೊಡೆದದ್ದು ಯಾಕೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಶಾಂತಿ ಕೆಡುತ್ತದಲ್ಲ?

ಇರಲಿ. ಭಾನುವಾರ ಸಂಜೆ ಸುಶೀಲಾ ಬಂದಳು. ಕೈಯಲ್ಲಿ ಬಾಳೆಹಣ್ಣು. ಕುರ್ಚಿಯ ತುದಿಗೆ ಕೂತಳು. ಗೋಡೆ ನೋಡಿದಳು, ಮಾಡು ನೋಡಿದಳು, ಒಳಕೋಣೆಯ ಬಾಗಿಲನ್ನು ಬಹಳ ಹೊತ್ತು ನೋಡಿದಳು. ಅಳತೆ ತೆಗೆದುಕೊಳ್ಳುತ್ತಿದ್ದಾಳೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಸಿಸ್ಟರ್ ಚಹಾ ಕೊಟ್ಟು, ಮೇಣದಬತ್ತಿ ಹೊತ್ತಿಸಲು ಕಡ್ಡಿಪೆಟ್ಟಿಗೆ ತೆಗೆದರು.

“ಅಕ್ಕಾ, ಒಂದ್ ಕೇಳ್ತೇನಿ. ಖರೆ ಹೇಳ್ಬೇಕ,” ಅಂದಳು ಸುಶೀಲಾ.

ಸಿಸ್ಟರ್ ನನ್ನ ಮುಖ ನೋಡಿದರು. “ಮನಿ ವಿಚಾರ ಆದ್ರ...”

“ನಿನ್ನ ಮನಿ ತಗೊಂಡ್ ನಾ ಏನ್ ಮಾಡ್ಲಿ? ಅವ್ವ ಹೆಂಗ ಹೋದ್ಲು, ಅದನ್ನ ಹೇಳ.”

“ಶಾಂತಿಯಿಂದ ಹೋದ್ಲು.”

ಇದೇ ಮಾತನ್ನು ಅವರು ನನಗೂ ಹೇಳಿದ್ದರು, ಪಾದ್ರಿಗಳಿಗೂ ಹೇಳಿದ್ದರು, ಸಮಾಧಿಯ ಕಲ್ಲಿನ ಮೇಲೂ ಕೆತ್ತಿಸಿದ್ದರು.

“ಮಣ್ಣು ಮಾಡೂ ದಿನಾನೂ ಇದನ್ನ ಹೇಳಿದಿ. ನಾ ನಂಬಲಿಲ್ಲ. ನೀ ನರ್ಸು. ಅವ್ವಂದು ಮುಗೀತ ಬಂದದ್ದು ನಿನಗ ತಿಳೀಲಾರ್ದ ಇರೂದಿಲ್ಲ. ನನಗ್ಯಾಕ ಮೊದಲ ಫೋನ್ ಮಾಡ್ಲಿಲ್ಲ?”

ಸಿಸ್ಟರ್ ಕಡ್ಡಿಪೆಟ್ಟಿಗೆಯನ್ನು ಟೇಬಲ್ ಮೇಲಿಟ್ಟರು.

“ಶಾಂತಿ ಇರ್ಲಿಲ್ಲ ಸುಶೀ. ಉಸಿರಿಗೆ ಭಾಳ ಒದ್ದಾಡಿದ್ಲು. ದಿನಪೂರ್ತಿ ನಿನ್ನ ಹೆಸರ ಹಿಡದ ಕರದ್ಲು. ವರ್ಷಗಟ್ಲೆ ಬಳದಾಕಿ, ತೊಳದಾಕಿ ನಾನು. ಕರದದ್ದು ನಿನ್ನ. ನನಗ ಹೊಟ್ಟಿಕಿಚ್ಚ ಬಂತು. ನಾಳೆ ಫೋನ್ ಮಾಡಿದ್ರಾತು ಅಂತ ಬಿಟ್ಟೆ. ನಾಳಿಗೆ ಅಕಿ ಇರ್ಲಿಲ್ಲ.”

ಸಾಕ್ಷಿಯಾಗಿ ಬಂದಿದ್ದ ನಾನು ನೆಲ ನೋಡುತ್ತ ಕೂತೆ.

“ನನ್ನ ಕರದ್ಲಾ?” ಸುಶೀಲಾಳ ದನಿ ಸಣ್ಣದಾಗಿತ್ತು.

“ಹೂಂ.”

ಆಮೇಲೆ ಆಕೆ ಎದ್ದು ನಿಂತು ಅಕ್ಕನನ್ನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದರು. ಚಹಾ ಮುಟ್ಟದೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಸುಶೀಲಾ ಬಸ್‌ಸ್ಟ್ಯಾಂಡ್ ಕಡೆ ನಡೆದುಬಿಟ್ಟಳು.

“ಹೇಳ್ಲಾರ್ದ ಇದ್ರೂ ನಡೀತಿತ್ತಲ್ಲರೀ,” ಅಂದೆ ನಾನು.

“ನಡದಽ ಇತ್ತಲ್ಲ ಇಷ್ಟ ದಿನ. ಹೆಂಗ ನಡದಿತ್ತು ನನಗ ಗೊತ್ತು,” ಅಂದರು.

ಅವತ್ತು ಆ ಮೇಣದಬತ್ತಿ ಹೊತ್ತಲಿಲ್ಲ. ಅಲ್ಲಿಗೆ ಸಂಬಂಧ ಮುಗಿಯಿತು ಅಂತಲೇ ನಾನು ತಿಳಿದಿದ್ದೆ.

ಮರುದಿನ ಮಧ್ಯಾಹ್ನ ಸುಶೀಲಾಳ ಫೋನ್ ಬಂತು. ಮೊದಲು ಬೈದಳಂತೆ. ಆಮೇಲೆ, ಅವ್ವ ಕೊನೆಗೆ ಏನು ಉಂಡಿದ್ದಳು ಅಂತ ಕೇಳಿದಳಂತೆ. ಅದರ ಮರುದಿನ ಮತ್ತೆ ಬೈಗುಳ, ಮತ್ತೊಂದು ಪ್ರಶ್ನೆ. ಜೀವ ಹೋಗುವಾಗ ಯಾವ ಸೀರೆ ಉಟ್ಟಿದ್ದಳು? ಕಣ್ಣು ಮುಚ್ಚಿದವರು ಯಾರು? ಈಗ ದಿನಾ ನಡೆದಿದೆ. ಸಿಸ್ಟರ್ ಒಂದೂ ಬಿಡದೆ ಉತ್ತರ ಕೊಡುತ್ತಾರೆ. ಒಮ್ಮೊಮ್ಮೆ ತಿರುಗಿ ತಾವೂ ಬೈಯುತ್ತಾರೆ. ಗೋಡೆಯಾಚೆ ನನಗೆ ಕೇಳಿಸುತ್ತದೆ. ನಿನ್ನೆ ಇಬ್ಬರೂ ಅತ್ತರಂತೆ, ಫೋನ್ ಮಾತ್ರ ಇಡಲಿಲ್ಲವಂತೆ.

ಎದುರು ಮನೆಯಾಕೆ ನನ್ನ ಮುಂದೆ ತಕರಾರು ತೆಗೆದಳು: “ಸಿಸ್ಟರ್ ಮನಿ ಮೊದಲ ಎಷ್ಟ್ ಶಾಂತ ಇತ್ತರೀ.”

ಹೌದು, ಇತ್ತು. ನಿಮ್ಮ ಮನೆಯೂ ಅಷ್ಟೇ ಶಾಂತವಾಗಿದೆಯೇ? ಒಮ್ಮೆ ವಿಚಾರಿಸಿ ನೋಡಿ.