ನಾನು ಹಿಡಿದ ಸುಳ್ಳು ವಾರಸುದಾರ

ಕಾನೂನು ಓದದೆ ವಕೀಲರಾದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮದುವೆಯಾದ ಗಂಡಸರೆಲ್ಲ ಒಂದಲ್ಲ ಒಂದು ದಿನ ತಮ್ಮ ಕೇಸನ್ನು ತಾವೇ ವಾದಿಸಿ ಸೋತವರೇ. ಆದರೆ ಲುಂಗಿ ಉಟ್ಟು, ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮನೆಗೆ ಬಂದ ಅತಿಥಿಯನ್ನು ಒಂದು ಗಂಟೆ ಪಾಟೀಸವಾಲಿಗೆ ಎಳೆದ ವಕೀಲ ಮಸ್ಕತ್ತಿನಲ್ಲಿ ನಾನೊಬ್ಬನೇ ಇದ್ದಿರಬೇಕು. ಅತಿಥಿಗೆ ಆಗ ಇನ್ನೂ ಚಹಾ ಕೂಡ ಕೊಟ್ಟಿರಲಿಲ್ಲ. ನಾನು ಮಾಡಿದ್ದು ತಪ್ಪು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಂಡವನಿಗೆ ಶಿಕ್ಷೆ ಸ್ವಲ್ಪ ಕಡಿಮೆ ಅಂತಾರೆ.

ಇದಕ್ಕೆಲ್ಲ ಮೂಲ ಕಾರಣ ಒಂದು ಟೀವಿ ಧಾರಾವಾಹಿ. ಎಂಬತ್ತರ ದಶಕದ ಕೊನೆಯ ಮಾತು. ನಾನು, ಹೆಂಡತಿ ವಾರಿಜಾ, ಹತ್ತು ವರ್ಷದ ಮಗಳು ಅಲ್ ಗುಬ್ರಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇದ್ದೆವು. ಅಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ನೀರುದೋಸೆ ತಿಂದು ಕೈ ತೊಳೆಯುವುದೇ ತಡ, ವಿಡಿಯೊ ಅಂಗಡಿಯಿಂದ ತಂದ ಕ್ಯಾಸೆಟ್ಟು ಹಾಕುತ್ತಿದ್ದೆ. ಕಪ್ಪುಬಿಳುಪಿನ ಹಳೆಯ ಅಮೆರಿಕನ್ ಕೋರ್ಟು ಕಥೆಗಳು. ಪ್ರತಿ ಕಥೆಯಲ್ಲಿ ಒಂದು ಹೆಣ ಬೀಳುತ್ತದೆ, ಏನೂ ಅರಿಯದವನೊಬ್ಬ ಕಟಕಟೆಯಲ್ಲಿ ನಿಲ್ಲುತ್ತಾನೆ, ಕೊನೆಯ ಹತ್ತು ನಿಮಿಷದಲ್ಲಿ ದಪ್ಪ ಭುಜದ ವಕೀಲ ಎದ್ದು ನಾಲ್ಕು ಪ್ರಶ್ನೆ ಕೇಳುತ್ತಾನೆ, ಹಿಂದಿನ ಬೆಂಚಿನಲ್ಲಿ ಕೂತ ಇನ್ಯಾರೋ ಎದ್ದು ನಿಂತು ಅಳುತ್ತಾ ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ. ನಮ್ಮೂರಿನ ಕೋರ್ಟಿನಲ್ಲಿ ಒಂದು ಗಡಿ ತಕರಾರು ಎರಡು ತಲೆಮಾರು ಓಡಾಡಿದ್ದನ್ನು ನೋಡಿ ಬೆಳೆದ ನನಗೆ, ಇದು ಕಾನೂನಿಗಿಂತ ಹೆಚ್ಚಾಗಿ ಪವಾಡದ ಕಥೆಯಂತೆ ಕಾಣುತ್ತಿತ್ತು.

ನನ್ನ ಉದ್ಯೋಗವೂ ಈ ಹುಚ್ಚಿಗೆ ಗೊಬ್ಬರ ಹಾಕಿತು. ನಾನು ಒಂದು ವ್ಯಾಪಾರದ ಕಂಪನಿಯಲ್ಲಿ ಹೊಸದಾಗಿ ಬರುವ ಕೆಲಸಗಾರರ ವೀಸಾ ಕಾಗದ ತಯಾರಿಸುವ ಗುಮಾಸ್ತ. ದಿನವಿಡೀ ಪಾಸ್‌ಪೋರ್ಟಿನ ಫೋಟೊಗೂ ಎದುರು ನಿಂತ ಮುಖಕ್ಕೂ ತಾಳೆ ನೋಡುವುದೇ ಕೆಲಸ. ಮೀಸೆ ಬೋಳಿಸಿಕೊಂಡು ಬಂದವನನ್ನು ಕಂಡರೆ ನನ್ನ ಕಣ್ಣು ಕಿರಿದಾಗುತ್ತಿತ್ತು. ಇಷ್ಟಕ್ಕೂ ನನ್ನ ಪಾಸ್‌ಪೋರ್ಟಿನಲ್ಲಿರುವ ಹುಟ್ಟಿದ ದಿನ ಜೂನ್ ಒಂದು, ಅಂದರೆ ಶಾಲೆ ಶುರುವಾಗುವ ದಿನ. ನಮ್ಮ ಮೇಷ್ಟ್ರು ನನ್ನ ಹಾಗೆ ಎಷ್ಟೋ ಮಕ್ಕಳನ್ನು ಅದೇ ದಿನ ಹುಟ್ಟಿಸಿದ್ದಾರೆ. ಆ ದಪ್ಪ ಭುಜದ ವಕೀಲ ನನ್ನನ್ನೇ ಕಟಕಟೆಗೆ ಹತ್ತಿಸಿದ್ದರೆ ಮೊದಲ ಪ್ರಶ್ನೆಗೇ ನಾನು ಬಿದ್ದುಹೋಗುತ್ತಿದ್ದೆ. ಆದರೆ ಪ್ರಶ್ನೆ ಕೇಳುವವನಿಗೆ ತನ್ನ ಕಾಗದ ಯಾವತ್ತೂ ನೆನಪಾಗುವುದಿಲ್ಲ.

ಒಂದು ಶುಕ್ರವಾರದ ಕಥೆ ಹೀಗಿತ್ತು. ದೊಡ್ಡ ಎಸ್ಟೇಟಿನ ಮುದುಕನೊಬ್ಬನ ಆರು ವರ್ಷದ ಮಗ ಕಳೆದುಹೋಗಿದ್ದಾನೆ. ಇಪ್ಪತ್ತು ವರ್ಷದ ಮೇಲೆ ಒಬ್ಬ ಯುವಕ ಬಂದು, ನಾನೇ ಆ ಮಗ ಅನ್ನುತ್ತಾನೆ. ದಾದಿಯ ಹೆಸರು, ನಾಯಿಯ ಹೆಸರು, ಕಿಟಕಿಯ ಯಾವ ಗಾಜು ಒಡೆದಿತ್ತು, ಎಲ್ಲವನ್ನೂ ಹೇಳುತ್ತಾನೆ. ವಕೀಲ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ನ್ಯಾಯಾಧೀಶರ ಕಡೆ ತಿರುಗುತ್ತಾನೆ. ಸ್ವಾಮಿ, ನಿಜವಾಗಿ ಒಂದು ಮನೆಯಲ್ಲಿ ಬಾಳಿದವನು ಅರ್ಧ ಮರೆತಿರುತ್ತಾನೆ, ಇವನಿಗೆ ಎಲ್ಲವೂ ನೆನಪಿದೆ, ಆದ್ದರಿಂದ ಇವನು ಬಾಳಿದವನಲ್ಲ, ಬಾಯಿಪಾಠ ಮಾಡಿದವನು! ಅಷ್ಟು ಹೇಳಿದ್ದೇ ತಡ, ಹಿಂದಿನ ಬೆಂಚಿನಲ್ಲಿದ್ದ ಎಸ್ಟೇಟ್ ಮ್ಯಾನೇಜರು ಎದ್ದು ಅಳತೊಡಗಿದ. ಪಾಠ ಹೇಳಿಕೊಟ್ಟವನು ಅವನೇ.

ನಾನು ಚಪ್ಪಾಳೆ ತಟ್ಟಿದೆ. ವಾರಿಜಾ ಮಾತ್ರ ಬಟಾಣಿ ಸುಲಿಯುತ್ತಾ, "ಅಲ್ಲ ಮಾರಾಯ್ರೆ, ಮಗ ಸುಳ್ಳಾದರೆಂತ, ಸತ್ಯವಾದರೆಂತ? ಆ ಮುದುಕನಿಗೆ ಅಕ್ಕತಂಗಿಯರ ಮಕ್ಕಳು ಯಾರೂ ಇಲ್ಲವಾ?" ಅಂದಳು. ನಮ್ಮದು ಅಳಿಯಸಂತಾನದ ಕಟ್ಟಿನ ಮನೆತನ. ಮನೆ ತಾಯಿಯ ಕಡೆಯಿಂದ ನಡೆಯುತ್ತದೆ. ಸೋದರಮಾವ ಯಜಮಾನ, ಅವನ ನಂತರ ಅಕ್ಕತಂಗಿಯರ ಗಂಡುಮಕ್ಕಳಲ್ಲಿ ಹಿರಿಯವನು. ಸರ್ಕಾರದ ಕಾನೂನು ಬದಲಾಗಿ ಎಷ್ಟೋ ಕಾಲವಾದರೂ, ದೈವದ ಕೋಣೆಯಲ್ಲಿ ದೀಪ ಯಾರು ಹಚ್ಚಬೇಕು ಎನ್ನುವುದಕ್ಕೆ ನಮಗೆ ಇವತ್ತಿಗೂ ಅದೇ ಕಾನೂನು. ವಾರಿಜಾಳ ಲೆಕ್ಕದಲ್ಲಿ ಆ ಇಡೀ ಕೇಸು ಮೊದಲ ದಿನವೇ ವಜಾ ಆಗಬೇಕಿತ್ತು.

ಆ ಲೆಕ್ಕದ ಪ್ರಕಾರ ನಮ್ಮ ಮನೆಯ ಮುಂದಿನ ಯಜಮಾನ ನಾನು. ಇದನ್ನು ಮಸ್ಕತ್ತಿನಲ್ಲಿ ಯಾರೂ ನನ್ನಲ್ಲಿ ವಿಚಾರಿಸಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಮೂಲ್ಕಿಯ ಹತ್ತಿರ ಕಡಲಿಗೆ ಮುಖ ಮಾಡಿದ ಒಂದು ಹಳೇ ಮನೆ, ಒಂದು ಬಾವಿ, ಹನ್ನೆರಡು ತೆಂಗು, ಅದರಲ್ಲಿ ಮೂರು ಬಾಗಿ ಪಕ್ಕದವರ ಅಂಗಳಕ್ಕೆ ಕಾಯಿ ಹಾಕುವಂಥವು. ಸಾಮ್ರಾಜ್ಯ ಇಷ್ಟೇ. ಆದರೆ ಒಮಾನಿನ ಬಿಸಿಲಿನಲ್ಲಿ ಕೂತು ವರ್ಣಿಸುವಾಗ ಹನ್ನೆರಡು ತೆಂಗು ತೋಪಾಗುತ್ತಿತ್ತು. ರಜೆಯಲ್ಲಿ ಊರಿಗೆ ಹೋದಾಗ, ಮಾವ ಸ್ನಾನಕ್ಕೆ ಇಳಿದ ಹೊತ್ತು ನೋಡಿ ಅವರ ಕುರ್ಚಿಯಲ್ಲಿ ಐದು ನಿಮಿಷ ಕೂತು ಅಭ್ಯಾಸ ಮಾಡಿಕೊಂಡದ್ದೂ ಉಂಟು.

ಈ ವರ್ಣನೆಯನ್ನು ಹಲವು ಸಲ ಕೇಳಿ ಸಹಿಸಿದವರಲ್ಲಿ ಅಬ್ಬಾಸ್ ಬ್ಯಾರಿಗಳು ಮೊದಲಿಗರು. ನಮ್ಮ ಪಕ್ಕದ ಊರಿನವರು, ಒಮಾನಿನ ಒಳನಾಡಿನ ರುಸ್ತಾಕ್ ಪೇಟೆಯಲ್ಲಿ ಬಟ್ಟೆ ಅಂಗಡಿ. ಮಸ್ಕತ್ತಿಗೆ ಸರಕಿಗೆಂದು ಬಂದಾಗ ನಮ್ಮಲ್ಲಿ ಒಂದು ಚಹಾ ಕುಡಿದೇ ಹೋಗುವರು. ಒಂದು ಗುರುವಾರ ನಾಲ್ಕು ಗಂಟೆಗೆ ಅವರು ಬಂದಾಗ ಜೊತೆಯಲ್ಲಿ ಇನ್ನೊಬ್ಬರಿದ್ದರು. ತೆಳ್ಳಗೆ, ನಲವತ್ತೈದರ ಆಚೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ.

"ಇವರು ವಿಠಲ. ನನ್ನ ಅಂಗಡಿ ಪಕ್ಕದಲ್ಲಿ ಟೈಲರ್. ಹುಟ್ಟಿ ಬೆಳೆದದ್ದು ಮುಂಬೈ," ಅಂದರು ಅಬ್ಬಾಸ್ ಬ್ಯಾರಿಗಳು. "ನಿಮ್ಮ ಮನೆಯ ಹೆಸರು ನನ್ನ ಬಾಯಲ್ಲಿ ಬಂದದ್ದೇ ಇವರ ಕೈಯಿಂದ ಕತ್ತರಿ ಬಿತ್ತು. ನೀವೇ ಮಾತಾಡಿ."

ಮಾತೆಲ್ಲ ತುಳುವಿನಲ್ಲಿ ನಡೆಯಿತು, ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ವಿಠಲ ನನ್ನನ್ನೇ ನೋಡುತ್ತಾ ಹೇಳಿದರು. "ನಾನು ನಿಮ್ಮ ಸರಸು ದೊಡ್ಡಮ್ಮನ ಮಗ."

ಸರಸು ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ನಾನು ಹುಟ್ಟುವ ಮೊದಲೇ, ಜಾತಿಯ ಹೊರಗಿನ ಒಬ್ಬರ ಜೊತೆ ಮುಂಬೈಗೆ ಹೋದವಳು. ಆಮೇಲೆ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಅಮ್ಮ ಬದುಕಿದ್ದಾಗ ಒಂದೆರಡು ಸಲ ಬಾಯಿ ತಪ್ಪಿ ಎತ್ತಿ, ಮಾವ ಜಗಲಿಯಲ್ಲಿದ್ದಾರೋ ಎಂದು ಬಗ್ಗಿ ನೋಡಿದ್ದು ನನಗೆ ನೆನಪು.

ಒಳ್ಳೆಯ ಮನುಷ್ಯನಾಗಿದ್ದರೆ ಎದ್ದು ಕೈ ಹಿಡಿಯುತ್ತಿದ್ದ. ನನ್ನ ತಲೆಯಲ್ಲಿ ಓಡಿದ್ದು ಬೇರೆ. ಅಳಿಯಸಂತಾನದಲ್ಲಿ ತಂದೆ ಯಾವ ಜಾತಿಯವನಾದರೇನು, ತಾಯಿ ನಮ್ಮವಳಾದರೆ ಮಗ ನಮ್ಮವನೇ. ಹಾಗಾದರೆ ಇವರು ನಮ್ಮವರು. ಹಾಗಾದರೆ, ವಯಸ್ಸಿನಲ್ಲಿ ನನಗಿಂತ ಹಿರಿಯರು. ಹಾಗಾದರೆ... ಅಲ್ಲಿಗೆ ನನ್ನೊಳಗಿನ ದಪ್ಪ ಭುಜದ ವಕೀಲ ಎದ್ದು ನಿಂತ.

"ಕುಟುಂಬದ ಮನೆಯ ಬಾವಿ ಯಾವ ಕಡೆ ಉಂಟು?" ಕೇಳಿದೆ.

"ಈಶಾನ್ಯಕ್ಕೆ. ಕಟ್ಟೆಯ ಒಂದು ಕಲ್ಲು ಒಡೆದಿದೆ. ಅಮ್ಮ ತಾಮ್ರದ ಕೊಡ ಎತ್ತಿಹಾಕಿದ್ದು."

"ಅಡುಗೆಮನೆಗೆ ಎಷ್ಟು ಮೆಟ್ಟಿಲು?"

"ಮೂರು. ನಡುವಿನದು ತಗ್ಗು. ಹೊಸಬರು ಎಡವುತ್ತಾರೆ."

ಹೀಗೇ ಸಾಗಿತು. ದೈವದ ಕೋಣೆಯ ಬಾಗಿಲಿನ ಹಿತ್ತಾಳೆ ಬಳೆ, ಅಟ್ಟದ ಏಣಿಗೆ ಇಲ್ಲದ ಒಂದು ಹಲಗೆ, ಅಜ್ಜಿ ಎಲೆಯಡಿಕೆ ಇಡುತ್ತಿದ್ದ ಗೂಡು. ಬಾಗಿದ ತೆಂಗುಗಳು ಎಷ್ಟು ಎಂದಾಗ ಅವರು ಎರಡು ಅಂದರು. ಒಂದು ತಪ್ಪು ಸಿಕ್ಕಿತಲ್ಲ ಎಂದು ನಾನು ಹಿಗ್ಗುವಷ್ಟರಲ್ಲಿ, ಮೂರನೆಯದು ನನ್ನ ಕಾಲದಲ್ಲಿ ಬಾಗಿದ್ದು ಎಂದು ನೆನಪಾಯಿತು. ಅಬ್ಬಾಸ್ ಬ್ಯಾರಿಗಳು ಎರಡು ಸಲ ಕೆಮ್ಮಿದರು. ನಾನು ಕೊನೆಯ ಬಾಣ ಬಿಟ್ಟೆ.

"ನೀವು ಆ ಮನೆಯನ್ನು ನೋಡಿದ್ದುಂಟಾ?"

"ಇಲ್ಲ."

"ನೋಡದವರಿಗೆ ಇಷ್ಟೆಲ್ಲ ಹೇಗೆ ಗೊತ್ತು? ಯಾರು ಬಾಯಿಪಾಠ ಮಾಡಿಸಿದರು?"

ಈಗ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಅಳಬೇಕಿತ್ತು. ವಿಠಲ ನನ್ನನ್ನು ಕನಿಕರದಿಂದ ನೋಡಿದರು. "ಅಮ್ಮ," ಅಂದರು. "ಇನ್ಯಾರು?"

ವಾರಿಜಾ ಚಹಾದ ತಟ್ಟೆ ಹಿಡಿದು ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಳೋ. ತಟ್ಟೆಯನ್ನು ಕೆಳಗಿಟ್ಟು ಮಗಳನ್ನು ಕರೆದಳು. "ಕುಟುಂಬದ ಮನೆಯ ಅಡುಗೆಮನೆಗೆ ಎಷ್ಟು ಮೆಟ್ಟಿಲು, ಹೇಳು."

ಮಗಳು ಬಣ್ಣ ಹಾಕುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. "ತ್ರೀ. ಮಿಡಲ್ ಒನ್ ಈಸ್ ಲೋ. ಪಪ್ಪಾ ಟೆಲ್ಸ್ ಎವ್ರಿ ಡೇ."

ಅವಳು ಹುಟ್ಟಿದ ಮೇಲೆ ಆ ಮನೆಯಲ್ಲಿ ಇದ್ದದ್ದು ಎರಡು ರಜೆ, ಅದೂ ಕೂಸಾಗಿದ್ದಾಗ. ಅವಳಿಗೆ ಬಾವಿಯ ಒಡೆದ ಕಲ್ಲು ಗೊತ್ತು, ಏಣಿಯ ಇಲ್ಲದ ಹಲಗೆ ಗೊತ್ತು. ದಿನಾ ಊಟಕ್ಕೆ ಕೂತಾಗ ನಾನೇ ಬಾಯಿಪಾಠ ಮಾಡಿಸಿದ್ದು. ಆ ಟೀವಿ ವಕೀಲ ಬಹುಶಃ ತನ್ನ ಊರು ಬಿಟ್ಟು ಎಲ್ಲೂ ಹೋದವನಲ್ಲ. ಮನೆಯೊಳಗೇ ಇರುವವನು ಮೆಟ್ಟಿಲು ಎಣಿಸುವುದಿಲ್ಲ, ಅದಕ್ಕೇ ಮರೆಯುತ್ತಾನೆ. ಹೊರಗೆ ಹೋದವರು ಎಣಿಸುತ್ತಲೇ ಇರುತ್ತಾರೆ. ಅದು ನನಗೆ ಗೊತ್ತಿರಬೇಕಿತ್ತು, ನಾನೇ ಹೊರಗೆ ಹೋಗಿ ಕೂತವನು.

"ನನಗೆ ಮನೆಯೂ ಬೇಡ, ಮರವೂ ಬೇಡ," ಅಂದರು ವಿಠಲ. "ಅಮ್ಮ ತೀರಿಹೋಗಿ ಹನ್ನೊಂದು ತಿಂಗಳಾಯಿತು. ಅವಳನ್ನು ಒಳಗೆ ಕರೆಯಬೇಕು. ಮುಂಬೈಯ ಖೋಲಿಯಲ್ಲಿ ನಾನು ಕರೆಯಬಹುದಿತ್ತು, ಅದು ಅವಳ ಮನೆಯಲ್ಲ. ಹೆಣ್ಣುಮಗಳನ್ನು ಕರೆಯಬೇಕಾದ್ದು ಅವಳ ಕುಟುಂಬದ ಮನೆಗೆ, ಯಜಮಾನನ ಬಾಯಿಂದ. ನೀವು ಮಾವನಿಗೆ ಒಂದು ಮಾತು ಹೇಳಿದರೆ ಸಾಕು."

ನಮ್ಮಲ್ಲಿ ಅದೊಂದು ಕ್ರಮ. ಸತ್ತವರ ಹೆಸರಿನಲ್ಲಿ ಒಳಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಮನೆಯ ಹಿರಿಯ ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಒಳಗೆ ಕರೆಯುತ್ತಾನೆ. ಹಾಗೆ ಕರೆದರೆ ಮಾತ್ರ ಅವರು ಹಿಂದೆ ಹೋದ ಹಿರಿಯರ ಜೊತೆ ಸೇರುತ್ತಾರೆ, ಇಲ್ಲವಾದರೆ ಹೊರಗೇ ನಿಂತಿರುತ್ತಾರೆ. ಸರಸು ದೊಡ್ಡಮ್ಮ ಬದುಕಿದ್ದಾಗ ಹೊರಗಿದ್ದದ್ದು ಸಾಲದೆ, ಸತ್ತ ಮೇಲೂ ಹನ್ನೊಂದು ತಿಂಗಳಿಂದ ಹೊರಗೇ ನಿಂತಿದ್ದಳು. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಆದರೆ ನನ್ನಂಥವನ ನಾಚಿಕೆ ಮರುದಿನದವರೆಗೆ ಬಾಳುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮಾವನಿಗೆ ಫೋನು ಮಾಡಿದೆ. ಎಪ್ಪತ್ತು ದಾಟಿದ ಮನುಷ್ಯ, ಕಿವಿ ಮಂದ, ಲೈನಿನಲ್ಲಿ ಗೊರಗೊರ. ನಾನು ಕೂಗಿ ಕೂಗಿ ಇಡೀ ಕೇಸನ್ನು ಕ್ರಮವಾಗಿ ಮಂಡಿಸಿದೆ. ಹೀಗೊಬ್ಬರು ಬಂದಿದ್ದಾರೆ, ಸರಸು ದೊಡ್ಡಮ್ಮನ ಮಗ ಅನ್ನುತ್ತಾರೆ, ನಾನು ಬೇಕಾದಷ್ಟು ಪ್ರಶ್ನೆ ಕೇಳಿದ್ದೇನೆ, ಉತ್ತರ ಸರಿ ಇದೆ, ಆದರೂ ಕಾಗದಪತ್ರ ಯಾವುದೂ ನೋಡಿಲ್ಲ, ಅವಳನ್ನು ಒಳಗೆ ಕರೆಯಬೇಕಂತೆ, ನಾವು ದುಡುಕಬಾರದು, ಮುಂಬೈಯಲ್ಲಿ ಯಾರಲ್ಲಾದರೂ ವಿಚಾರಿಸೋಣ, ನೀವೇನು ಹೇಳುತ್ತೀರಿ?

ಆ ಕಡೆಯಿಂದ ಗೊರಗೊರ ಮಾತ್ರ ಕೇಳಿಸಿತು. ಲೈನು ಕಟ್ಟಾಯಿತು ಅಂದುಕೊಂಡೆ. "ಹಲೋ, ಹಲೋ," ಅಂದೆ.

"ಸರಸಕ್ಕ ಹೋದಳಾ?" ಕೇಳಿದರು ಮಾವ.

ಐದು ನಿಮಿಷ ಸಾಕ್ಷಿ ಪುರಾವೆ ಎಂದು ಕೂಗಿದ ನಾನು, ಒಬ್ಬ ತಮ್ಮನಿಗೆ ಅವನ ಅಕ್ಕ ಸತ್ತ ಸುದ್ದಿ ಹೇಳುತ್ತಿದ್ದೇನೆ ಎನ್ನುವುದನ್ನೇ ಮರೆತಿದ್ದೆ. ಹೌದು ಮಾವ, ಹನ್ನೊಂದು ತಿಂಗಳಾಯಿತಂತೆ ಎಂದೆ. ಅಷ್ಟು ವರ್ಷ ಆ ಹೆಸರನ್ನು ಎತ್ತದವರು ಎಲ್ಲಕ್ಕಿಂತ ಮೊದಲು ಅಕ್ಕ ಎಂದಿದ್ದರು. ಆಮೇಲೆ ಅವರೇ ಕೇಳಿದರು. "ಅವಳ ಮಗನಿಗೆ ನಿನಗಿಂತ ಎಷ್ಟು ಹೆಚ್ಚು ವಯಸ್ಸು?"

"ಆರು ವರ್ಷ."

"ಹಾಗಾದರೆ ಅವನು ನಿನ್ನ ಅಣ್ಣ. ಕರಕೊಂಡು ಬಾ." ಅಷ್ಟು ಹೇಳಿ ಫೋನು ಇಟ್ಟರು.

ಶಾಲೆಯ ರಜೆ ಶುರುವಾದ ವಾರವೇ ನಾವೆಲ್ಲ ಊರಿಗೆ ಹೋದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಗೆ ಎಲೆ ಹಾಕಿದೆವು. ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ದೊಡ್ಡಮ್ಮನಿಗೆ ಇಷ್ಟ ಎಂದು ಮಗ ಹೇಳಿದರು, ಅವಳಿಗೆ ಅದರಲ್ಲಿ ಹುಳಿ ಹೆಚ್ಚಾಗಬೇಕು ಎಂದು ತಮ್ಮನಾದ ಮಾವ ತಿದ್ದಿದರು. ವಿಠಲಣ್ಣ ಮಾವನ ಪಕ್ಕ ನಿಂತರು, ನಾನು ಒಂದು ಹೆಜ್ಜೆ ಹಿಂದೆ. ಅಲ್ಲಿಂದಲೂ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಮಾವ ಹೊಸ್ತಿಲು ಹಿಡಿದು ನಿಂತು, ಕಡಲ ಕಡೆಗೆ ಮುಖ ಮಾಡಿ ಗಟ್ಟಿಯಾಗಿ ಕರೆದರು. "ಸರಸಕ್ಕಾ, ಒಳಗೆ ಬಾ." ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ಕರೆದು, ಮೂರನೆಯ ಸಲ ಕರೆದು, ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ನಾವೆಲ್ಲರೂ ಸರಿದೆವು. ಬಂದದ್ದು ಅವಳೇ ಹೌದೇ ಎಂದು ಯಾರೂ ವಿಚಾರಿಸಲಿಲ್ಲ. ನಾನೂ ಕೂಡ.