ಹದಿನಾಲ್ಕನೆಯ ಹೆಸರು

ಆರ್ಲೊ ಟಿಬ್ಸ್‌ನನ್ನು ಬೈಯುವುದರಲ್ಲಿ ದಿಲ್ಶಾದ್‌ಳನ್ನು ಮೀರಿಸುವವರು ಅಲ್ಫರೆಟಾದ ಆ ಬೇಸ್‌ಮೆಂಟಿನಲ್ಲಿ ಯಾರೂ ಇರಲಿಲ್ಲ.

ಬೇಸ್‌ಮೆಂಟು ವೆಂಕಟೇಶ ಅಂಕಲ್ ಅವರದು. ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದು, ನಲವತ್ತು ವರ್ಷ ಜನರ ಎದೆಗೆ ಸ್ಟೆತಸ್ಕೋಪ್ ಇಟ್ಟು ನಿವೃತ್ತರಾದ ಹೃದಯದ ಡಾಕ್ಟರು. ಭಾನುವಾರ ಮಧ್ಯಾಹ್ನ ಲ್ಯಾಂಟರ್ನ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಪಂದ್ಯವಿದ್ದರೆ ಏಳೆಂಟು ಮನೆಯವರು ಅಲ್ಲಿ ಸೇರುತ್ತಿದ್ದರು. 2024ರ ಆ ಮಾರ್ಚ್ ತಿಂಗಳಿಗೆ ತಂಡ ಕಳೆದ ಹದಿಮೂರು ಪಂದ್ಯಗಳಲ್ಲಿ ಹನ್ನೊಂದನ್ನು ಸೋತಿತ್ತು. ಬೇಸ್‌ಮೆಂಟು ಎರಡು ಪಕ್ಷವಾಗಿ ಒಡೆದಿತ್ತು. ಕೋಚ್ ಹ್ಯಾಸ್ಕೆಲ್‌ನನ್ನು ಓಡಿಸಬೇಕು ಎನ್ನುವುದು ತ್ಯಾಗರಾಜನ ಪಕ್ಷ. ಹೋಗಬೇಕಾದವನು ಹಳೆಯ ಹುಲಿ ಟಿಬ್ಸ್ ಎನ್ನುವುದು ದಿಲ್ಶಾದ್‌ಳ ಪಕ್ಷ.

“ಕೋಚ್‌ಗೆ ಕಣ್ಣಿಲ್ವಾ ಅಂತ? ಮೂವತ್ತನಾಲ್ಕು ವರ್ಷದವನನ್ನ ನಲವತ್ತು ನಿಮಿಷ ಆಡಿಸ್ತಾನಲ್ರೀ!” ತ್ಯಾಗರಾಜ ಸೋಫಾದ ಅಂಚಿಗೆ ಬಂದು ಕೂತಿದ್ದ.

“ಆಡಿಸಿದ್ರೆ ಓಡೋಕೆ ಏನು ರೋಗ ಅವನಿಗೆ?” ಎಂದಳು ದಿಲ್ಶಾದ್. “ನೋಡಿ, ನೋಡಿ. ವಾಕಿಂಗ್‌ಗೆ ಬಂದಿರೋ ರಿಟೈರ್ಡ್ ಹೆಡ್‌ಮಾಸ್ಟರ್ ಥರ ಹೋಗ್ತಿದ್ದಾನೆ. ಕೈಯಲ್ಲೊಂದು ಕೊಡೆ ಕೊಡಿ.”

ಎಲ್ಲರೂ ನಕ್ಕರು. ಅಂಕಲ್ ಹೆಂಡತಿ ಶಾರದಾ ಆಂಟಿ ಮಾತ್ರ, “ನೀನು ಉಪವಾಸ ಇದ್ದೀಯ ಕಣೇ, ನಾಲಿಗೆಗೂ ಸ್ವಲ್ಪ ಉಪವಾಸ ಹಾಕು,” ಎಂದರು. ರಂಜಾನ್ ಶುರುವಾಗಿ ಒಂದು ವಾರವಾಗಿತ್ತು. ಅವಳಿಗಾಗಿ ಆಂಟಿ ಅವಲಕ್ಕಿಯನ್ನು ಡಬ್ಬಿಯಲ್ಲಿ ಬೇರೆ ತೆಗೆದಿಟ್ಟಿದ್ದರು.

ಆ ಬೈಗುಳಕ್ಕೆ ಬೇರು ಬೇರೆಲ್ಲೋ ಇತ್ತು. ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ ಅವಳು. ಶಾಲೆಯ ಮಣ್ಣಿನ ಅಂಕಣದಲ್ಲಿ, ಸಲ್ವಾರಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡು, ಚೆಂಡನ್ನು ಎಡಗೈಯಿಂದ ಬಲಗೈಗೆ ಮಿಂಚಿನಂತೆ ದಾಟಿಸುತ್ತಿದ್ದಳು. ಜಿಲ್ಲೆಗೆ ಆಡಿದಳು. ಇಪ್ಪತ್ತೈದಕ್ಕೆ ಮುನೀರನನ್ನು ಮದುವೆಯಾಗಿ ಅಲ್ಫರೆಟಾ ಹತ್ತಿರದ ನಾರ್‌ಕ್ರಾಸ್‌ಗೆ ಬಂದಳು, ಎರಡು ಮಕ್ಕಳನ್ನು ಬೆಳೆಸಿದಳು, ಮೂವತ್ತೇಳಕ್ಕೆ ಮತ್ತೆ ಪುಸ್ತಕ ಹಿಡಿದು ಎಂಆರ್‌ಐ ತೆಗೆಯುವ ಕೆಲಸ ಕಲಿತಳು. ಮೊದಲ ಸಂಬಳ ಬಂದ ವಾರವೇ ಟಿಬ್ಸ್ ಎಂಬ ಹೊಸ ಆಟಗಾರ ಟಿವಿಯಲ್ಲಿ ಕಾಣಿಸಿಕೊಂಡಿದ್ದ. ಎಡಗೈಯಿಂದ ಬಲಗೈಗೆ ಅದೇ ದಾಟು. ಅವಳು ಪಾತ್ರೆ ತೊಳೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ನಿಂತುಬಿಟ್ಟಿದ್ದಳು. ಅಲ್ಲಿಂದ ಹನ್ನೊಂದು ವರ್ಷ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಅಷ್ಟು ಹಚ್ಚಿಕೊಂಡವನ ಕಾಲು ಸೋಲುವುದನ್ನು ನೋಡಲಾಗದೆ ಬೈಯುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಆಸ್ಪತ್ರೆಯ ಅವಳ ಪಟ್ಟಿಯಲ್ಲಿ ‘ರೇಮಂಡ್ ಎ. ಟಿಬ್ಸ್, ಬಲ ಮಂಡಿ’ ಎಂದಿತ್ತು. ಜಾರ್ಜಿಯಾದಲ್ಲಿ ಟಿಬ್ಸ್‌ಗಳಿಗೇನು ಬರ. ಬಾಗಿಲು ತೆರೆದು ಹೆಸರು ಕೂಗಿದಳು. ಮೂಲೆಯ ಕುರ್ಚಿಯಿಂದ ಒಬ್ಬ ಎದ್ದ. ಏಳುತ್ತಲೇ ಇದ್ದ, ಅವನ ಎತ್ತರ ಮುಗಿಯಲೇ ಇಲ್ಲ.

ಹನ್ನೊಂದು ವರ್ಷ ಟಿವಿಯಲ್ಲಿ ನೋಡಿದ ಮುಖ. ಆ ‘ಎ.’ ಎಂದರೆ ಆರ್ಲೊ.

“ಮೈಯಲ್ಲಿ ಎಲ್ಲಾದ್ರೂ ಲೋಹ ಇದೆಯಾ?” ಎಂದು ಕೇಳಿದಳು. ದಿನಕ್ಕೆ ಹದಿನೈದು ಸಲ ಕೇಳುವ ಪ್ರಶ್ನೆ. ಧ್ವನಿ ಬೇರೆ ಯಾರದ್ದೋ ಎನ್ನಿಸಿತು.

“ಇಲ್ಲ ಮ್ಯಾಮ್.”

ಮಂಡಿಯನ್ನು ಚೌಕಟ್ಟಿಗೆ ಕೂರಿಸುವಾಗ ಅವನು ಹಲ್ಲು ಕಚ್ಚಿದ. ಅವಳು ಗಾಜಿನ ಆಚೆಗೆ ಹೋಗಿ ಕೂತಳು. ಯಂತ್ರ ಗುಡುಗತೊಡಗಿತು. ತೆರೆಯ ಮೇಲೆ ಚಿತ್ರಗಳು ಒಂದೊಂದಾಗಿ ಮೂಡಿದವು. ಚಿತ್ರ ಓದಿ ಹೇಳುವುದು ಅವಳ ಕೆಲಸವಲ್ಲ, ಅದಕ್ಕೆ ಡಾಕ್ಟರಿದ್ದಾರೆ. ಆದರೆ ಹನ್ನೊಂದು ವರ್ಷ ಮಂಡಿ ನೋಡಿದ ಕಣ್ಣಿಗೆ ಬಟ್ಟೆ ಕಟ್ಟಲಾಗುತ್ತದೆಯೇ? ಮೂಳೆಗೂ ಮೂಳೆಗೂ ನಡುವೆ ಇರಬೇಕಾದ ಮೆತ್ತೆ ಇರಲಿಲ್ಲ. ಹರಿದದ್ದಲ್ಲ, ಸವೆದದ್ದಲ್ಲ, ಇರಲೇ ಇಲ್ಲ. ಮೂಳೆ ಮೂಳೆಯನ್ನು ತೇಯುತ್ತಿತ್ತು. ಈ ಕಾಲಿನಲ್ಲಿ ಒಬ್ಬ ಮನುಷ್ಯ ಮೊನ್ನೆ ಭಾನುವಾರ ನಲವತ್ತು ನಿಮಿಷ ಆಡಿದ್ದ. ಓಡೋಕೆ ಏನು ರೋಗ ಎಂದು ಅವಳು ಕೇಳಿದ್ದಳು.

ಹೊರಗೆ ಬಂದು ಅವನು ಶೂ ಹಾಕಿಕೊಳ್ಳುತ್ತ ಕೇಳಿದ, “ಹೇಗಿದೆ?”

“ರಿಪೋರ್ಟು ಡಾಕ್ಟರಿಗೆ ಹೋಗುತ್ತೆ. ಅವರು ಹೇಳ್ತಾರೆ.”

ಅವನು ಅವಳ ಮುಖವನ್ನೇ ನೋಡಿದ. “ತಂಡದ ಡಾಕ್ಟರಿಗೆ ಹೋಗಲ್ಲ ತಾನೆ? ನಾನು ನನ್ನಷ್ಟಕ್ಕೇ ಬಂದಿದ್ದೀನಿ. ಕೋಚ್‌ಗೂ ಗೊತ್ತಿಲ್ಲ. ಗೊತ್ತಾದರೆ ಅವರು ನನ್ನನ್ನ ಆಟಕ್ಕೆ ಇಳಿಸಲ್ಲ.”

“ಇಲ್ಲ. ನೀವು ಹೇಳಿದವರಿಗೆ ಮಾತ್ರ ಹೋಗುತ್ತೆ.”

ಆ ಮಾತು ನಿಜವಾಗಿತ್ತು. ಮನೆಗೆ ಬಂದು ಮುನೀರನಿಗೂ ಅವಳು ಬಾಯಿ ಬಿಡಲಿಲ್ಲ. ರೋಗಿಯ ಗುಟ್ಟು ಹೊರಗೆ ಹೋದರೆ ಕೆಲಸ ಹೋಗುತ್ತದೆ, ಲೈಸೆನ್ಸೂ ಹೋಗಬಹುದು. ಪ್ರತಿ ವರ್ಷ ಅದಕ್ಕೊಂದು ಪರೀಕ್ಷೆ ಬರೆದು ನೂರಕ್ಕೆ ನೂರು ತೆಗೆಯುತ್ತಿದ್ದವಳು ಅವಳು.

ಆದರೆ ನಾರ್‌ಕ್ರಾಸ್ ಸುತ್ತಿನ ಮೈಸೂರು ಬೆಂಗಳೂರಿನ ಹೆಂಗಸರಿಗೆ ರಂಜಾನಿನಲ್ಲಿ ಒಂದು ರೂಢಿಯಿತ್ತು. ಉಪವಾಸ ಬಿಡುವ ಮುಂಚಿನ ಗಳಿಗೆಯ ದುಆ, ಅಂದರೆ ಪ್ರಾರ್ಥನೆ, ದೇವರಿಗೆ ನೇರ ಮುಟ್ಟುತ್ತದೆ ಎಂದು ನಂಬಿಕೆ. ಸಂಜೆಯಾಗುತ್ತಲೇ ಗೆಳತಿ ಉಮೈಮಾ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಶುರು ಮಾಡುತ್ತಿದ್ದಳು. ಯಾರಿಗೆ ಕಾಯಿಲೆ, ಏನು ಕಾಯಿಲೆ. ಒಬ್ಬೊಬ್ಬರೂ ತಮಗೆ ಬೇಕಾದವರನ್ನು ಸೇರಿಸಿ ಮುಂದಕ್ಕೆ ಕಳಿಸಬೇಕು. ನಲವತ್ತೊಂದು ಹೆಂಗಸರು ಆ ಹೆಸರುಗಳನ್ನೆಲ್ಲ ಹಿಡಿದು ಕೈಯೆತ್ತುತ್ತಿದ್ದರು. ‘ಹೆಸರು ಹೇಳದ ದುಆ ವಿಳಾಸ ಬರೆಯದ ಕಾಗದ’ ಎಂದು ದಿಲ್ಶಾದ್‌ಳ ಅಮ್ಮಿ ಹೇಳುತ್ತಿದ್ದರು.

ಗುರುವಾರ ಸಂಜೆ ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಅವಳು ಫೋನು ತೆಗೆದಳು. ಹನ್ನೆರಡು: ಬೆಂಗಳೂರಿನ ಖಾಲಾ, ಕಣ್ಣಿನ ಆಪರೇಷನ್. ಹದಿಮೂರು: ಒವೈಸ್‌ನ ಅಬ್ಬಾ, ಸಕ್ಕರೆ ಕಾಯಿಲೆ. ಮೂರು ದಿನದಿಂದ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಆ ಬರಿಯ ಮೂಳೆ. ಬೆರಳು ತಾನಾಗಿ ಓಡಿತು. ಹದಿನಾಲ್ಕು: ಆರ್ಲೊ ಟಿಬ್ಸ್, ಬಲ ಮಂಡಿ, ಮೂಳೆಗೆ ಮೂಳೆ ತಾಗುತ್ತಿದೆ, ಅಲ್ಲಾಹ್ ಶಿಫಾ ಕೊಡಲಿ, ಗುಣ ಮಾಡಲಿ. ಕಳಿಸಿ, ಖರ್ಜೂರ ಬಾಯಿಗಿಟ್ಟಳು. ಮನಸ್ಸು ಹಗುರವಾಯಿತು. ತಾನು ಏನು ಮಾಡಿದೆನೆಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ. ಹರಟೆ ಹೊಡೆದಿದ್ದರೆ ಎಚ್ಚರವಿರುತ್ತಿತ್ತೇನೋ. ಅವಳು ಪ್ರಾರ್ಥನೆ ಮಾಡಿದ್ದಳು.

ಭಾನುವಾರ ಬೇಸ್‌ಮೆಂಟಿಗೆ ಕಾಲಿಡುತ್ತಿದ್ದಂತೆ ತ್ಯಾಗರಾಜನ ಕೂಗು ಕೇಳಿತು.

“ಬನ್ನಿ ಮೇಡಂ, ಬನ್ನಿ! ನಿಮ್ಮ ಹೆಡ್‌ಮಾಸ್ಟರ್ ಕಥೆ ಕೇಳಿದ್ರಾ?” ಅವನು ಫೋನು ಎತ್ತಿ ಹಿಡಿದು ಫ್ಯಾನ್ ಪೇಜನ್ನು ಕನ್ನಡದಲ್ಲಿ ಓದಿ ಹೇಳಿದ: “‘ನಮ್ಮಮ್ಮನ ಫ್ರೆಂಡ್ ಒಬ್ರು ಎಂಆರ್‌ಐ ಮಾಡ್ತಾರೆ. ಆ ಆಂಟಿ ಟಿಬ್ಸ್ ಮಂಡಿಗೆ ದುಆ ಕೇಳಿದ್ದಾರೆ. ಮೂಳೆಗೆ ಮೂಳೆ ತಾಗ್ತಿದೆಯಂತೆ. ದಯವಿಟ್ಟು ಅವನನ್ನ ಬೈಬೇಡಿ.’ ಯಾರೋ ಲೈಬಾ ಅಂತೆ, ಕಾಲೇಜ್ ಹುಡುಗಿ. ಮೂರು ಲಕ್ಷ ಜನ ನೋಡಿದ್ದಾರೆ!”

ಲೈಬಾ ಉಮೈಮಾಳ ಮಗಳು. ದಿಲ್ಶಾದ್‌ಗೆ ಆಸ್ಪತ್ರೆಯಲ್ಲಿ ಏನೋ ಕೆಲಸ ಎಂದಷ್ಟೇ ಬೇಸ್‌ಮೆಂಟಿನವರಿಗೆ ಗೊತ್ತಿತ್ತು.

ದಿಲ್ಶಾದ್ ಬಾಗಿಲ ಹತ್ತಿರವೇ ನಿಂತಳು. ಸುತ್ತ ಮಾತು ನಡೆಯುತ್ತಲೇ ಇತ್ತು, ನೀರಿನೊಳಗೆ ಮುಳುಗಿದವರಿಗೆ ದಡದ ಮಾತು ಕೇಳುವಂತೆ ಅವಳಿಗೆ ಕೇಳುತ್ತಿತ್ತು.

“ಅಂದ್ರೆ ಕಾಲಿಲ್ಲದವನನ್ನ ಆಡಿಸ್ತಿದ್ದಾನೆ ಆ ಕಟುಕ ಹ್ಯಾಸ್ಕೆಲ್,” ತ್ಯಾಗರಾಜ ಹೇಳುತ್ತಿದ್ದ. “ನಾನು ಹೇಳಿಲ್ವಾ? ಮೊದಲಿಂದ ಹೇಳ್ತಿಲ್ವಾ?”

“ಕೋಚ್‌ಗೆ ಗೊತ್ತಿರದೆ ಇರುತ್ತಾ?” ವೆಂಕಟೇಶ ಅಂಕಲ್ ತಲೆಯಾಡಿಸಿದರು. “ಗೊತ್ತಿದ್ದೂ ಆಡಿಸಿದ್ರೆ ಅದು ಪಾಪ.”

ಗೊತ್ತಿಲ್ಲ, ಅವನಿಗೆ ಗೊತ್ತಿಲ್ಲ ಎಂಬ ಮಾತು ದಿಲ್ಶಾದ್‌ಳ ಗಂಟಲಿನವರೆಗೆ ಬಂತು. ಅದನ್ನು ಹೇಳಬೇಕಾದರೆ ಟಿಬ್ಸ್ ತನಗೆ ಹೇಳಿದ್ದನ್ನೂ ಹೇಳಬೇಕು. ಒಂದು ಗುಟ್ಟನ್ನು ಆಗಲೇ ಬೀದಿಗೆ ಹಾಕಿದ್ದವಳು, ಒಬ್ಬನನ್ನು ಉಳಿಸಲು ಎರಡನೆಯದನ್ನೂ ಹಾಕಬೇಕು. ಅವಳು ಬಾಗಿಲತ್ತ ತಿರುಗಿದಳು.

“ಯಾಕೇ, ಬೆವರ್ತಿದ್ದೀಯಾ? ಉಪವಾಸ ಜಾಸ್ತಿಯಾಯ್ತಾ?” ಶಾರದಾ ಆಂಟಿ ಹಣೆ ಮುಟ್ಟಿ ನೋಡಿದರು.

“ಮನೆಗೆ ಹೋಗ್ತೀನಿ ಆಂಟಿ.”

ಸೋಮವಾರ ಬೆಳಗಿನ ಹೊತ್ತಿಗೆ ಸುದ್ದಿ ಬಂತು. ವಿಚಾರಣೆ ಮುಗಿಯುವವರೆಗೆ ಕೋಚ್ ಹ್ಯಾಸ್ಕೆಲ್‌ಗೆ ರಜೆ. ಟಿವಿಯಲ್ಲಿ ಅವನು ಕಾರಿನತ್ತ ನಡೆಯುತ್ತಿದ್ದ. ಯಾರೋ ಹಿಂದಿನಿಂದ ‘ಕಟುಕ’ ಎಂದು ಕೂಗಿದರು. ಅವನು ತಿರುಗಿ ನೋಡಿದ ಮುಖದಲ್ಲಿ ಕೋಪವಿರಲಿಲ್ಲ, ದಿಗ್ಭ್ರಮೆ ಮಾತ್ರ ಇತ್ತು. ತನಗೆ ಹೊಡೆದದ್ದು ಯಾರು, ಯಾಕೆ ಎಂದು ತಿಳಿಯದವನ ಮುಖ.

ಮುನೀರನಿಗೆ ಆಗ ಎಲ್ಲವನ್ನೂ ಹೇಳಿದಳು. ಅವನು ಟಿವಿ ಆರಿಸಿದ. ಆಮೇಲೆ ಅವರ ಮನೆಮಾತಾದ ಉರ್ದುವಿನಲ್ಲಿ ಹೇಳಿದ: “ಉಮೈಮಾಗೆ ಹೇಳಿ ಅಳಿಸು. ನಿನ್ನ ಹೆಸರು ಎಲ್ಲೂ ಇಲ್ಲ. ಸುಮ್ಮನಿದ್ದುಬಿಡು.”

“ಆ ಮನುಷ್ಯನ ಕೆಲಸ ಹೋಗುತ್ತೆ.”

“ಹೇಳಿದರೆ ನಿನ್ನದು ಹೋಗುತ್ತೆ, ದಿಲ್ಶಾದ್.”

“ಹೌದು,” ಎಂದಳು.

ಮಂಗಳವಾರ ಎಂಟು ಗಂಟೆಗೆ ಅವಳು ಮೇಲಧಿಕಾರಿ ಪ್ರತಿಭಾಳ ಬಾಗಿಲು ತಟ್ಟಿದಳು. ಪ್ರತಿಭಾ ಬೆಂಗಳೂರಿನವಳು, ದಿಲ್ಶಾದ್‌ಗಿಂತ ಹತ್ತು ವರ್ಷ ಚಿಕ್ಕವಳು. ಕೇಳುತ್ತ ಕೇಳುತ್ತ ಅವಳ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು.

“ದುಆ ಲಿಸ್ಟಾ?” ಎಂದಳು ಕೊನೆಗೆ. “ನಾನು ಹ್ಯಾಕಿಂಗ್ ಅಂದ್ಕೊಂಡಿದ್ದೆ. ಎರಡು ದಿನದಿಂದ ಕಂಪ್ಯೂಟರ್‌ನವರನ್ನ ಕೂರಿಸಿದ್ದೀನಿ. ದಿಲ್ಶಾದ್ ಅವರೇ, ನೀವಾ? ನೀವು?”

ನಿಯಮದ ಪ್ರಕಾರ ರೋಗಿಗೆ ತಿಳಿಸಲೇಬೇಕಿತ್ತು. ಫೋನು ಸ್ಪೀಕರ್‌ನಲ್ಲಿತ್ತು. ಆದದ್ದನ್ನು ಪ್ರತಿಭಾ ವಿವರಿಸಿದಳು. ಸಿಟ್ಟಿಗೆ ದಿಲ್ಶಾದ್ ಸಿದ್ಧಳಾಗಿ ಕೂತಿದ್ದಳು.

“ಆ ಹೆಂಗಸು ಅಲ್ಲೇ ಇದ್ದಾರಾ?” ಟಿಬ್ಸ್ ಕೇಳಿದ.

“ಇದ್ದೀನಿ. ತಪ್ಪು ನನ್ನದು. ಕ್ಷಮೆ ಕೇಳೋ ಮುಖವೂ ಇಲ್ಲ ನನಗೆ.”

“ಎಷ್ಟು ಜನ ಪ್ರಾರ್ಥನೆ ಮಾಡಿದ್ರಿ?”

“ನಲವತ್ತೊಂದು.”

ಅವನು ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. “ಹನ್ನೊಂದು ವರ್ಷದಲ್ಲಿ ಗೆಲ್ಲಿಸು ಅಂತ ನನ್ನನ್ನ ಕೇಳಿದವರೇ ಎಲ್ಲ, ಮ್ಯಾಮ್. ನನಗೋಸ್ಕರ ಯಾರೂ ಏನೂ ಕೇಳಿರಲಿಲ್ಲ.” ಅವನ ದನಿ ಗಟ್ಟಿಯಾಯಿತು. “ಆದರೂ ನೀವು ಮಾಡಿದ್ದು ಸರಿಯಲ್ಲ. ಅದು ನನ್ನ ಕಾಲು. ನಾನು ಹೇಳಬೇಕಿತ್ತು.”

“ಹೌದು.”

“ಈ ಕ್ಷಮಿಸೋದು ಗಿಮಿಸೋದು ನನಗೆ ಗೊತ್ತಿಲ್ಲ. ಕೋಚ್ ವಿಷಯ ನಾನು ನೋಡಿಕೊಳ್ತೀನಿ.” ಫೋನು ಇಟ್ಟ.

ಪ್ರತಿಭಾ ಮೇಜಿನ ಮೇಲೆ ಕೈ ಚಾಚಿದಳು. ಅವಳ ಕಣ್ಣು ಕೆಂಪಾಗಿತ್ತು. ದಿಲ್ಶಾದ್ ಕೊರಳಿನ ಗುರುತಿನ ಚೀಟಿಯನ್ನು ತೆಗೆದು ಆ ಕೈಯಲ್ಲಿಟ್ಟಳು.

ಪಾರ್ಕಿಂಗ್ ಲಾಟಿನಲ್ಲಿ ಎಷ್ಟು ಹೊತ್ತು ಕಾರಿನಲ್ಲಿ ಕೂತಿದ್ದಳೋ. ಪೈನ್ ಮರಗಳ ಹಳದಿ ಹುಡಿ ಗಾಜಿನ ಮೇಲೆ ಇಳಿಯುತ್ತಿತ್ತು. ಹನ್ನೆರಡಕ್ಕೆ ವೆಂಕಟೇಶ ಅಂಕಲ್ ಫೋನು ಮಾಡಿದರು.

“ಟಿವಿ ಹಾಕಮ್ಮಾ, ಟಿಬ್ಸ್ ಮಾತಾಡ್ತಿದ್ದಾನೆ! ಕೋಚ್‌ಗೆ ಗೊತ್ತೇ ಇರ್ಲಿಲ್ವಂತೆ. ಇವನೇ ಮುಚ್ಚಿಟ್ಟಿದ್ದನಂತೆ, ಈ ಸೀಸನ್ ಮುಗಿಸ್ಲೇಬೇಕು ಅಂತ.”

ಹಿಂದೆ ತ್ಯಾಗರಾಜನ ದನಿ ಕೇಳಿತು. ಮನೆಯಿಂದ ಕೆಲಸ ಮಾಡುವವನು, ಊಟಕ್ಕೆ ಅಲ್ಲಿಗೇ ಬರುತ್ತಿದ್ದ. “ಸುಳ್ಳುಗಾರ! ಕುಂಟುಗಾಲಿಟ್ಟುಕೊಂಡು ಇಡೀ ಟೀಮನ್ನ ಮುಳುಗಿಸಿದ. ನಿನ್ನೆ ತನಕ ಇವನಿಗೆ ಅಯ್ಯೋ ಅಂದ್ವಲ್ಲ ಸಾರ್! ಆ ಎಂಆರ್‌ಐ ಆಂಟಿ ಯಾರೋ, ಪುಣ್ಯಾತ್ಗಿತ್ತಿ, ಅವಳು ಹೇಳದೆ ಇದ್ದಿದ್ರೆ ಇವನು ಇನ್ನೂ ಮೋಸ ಮಾಡ್ತಿದ್ದ. ಅವಳಿಗೊಂದು ಹಾರ ಹಾಕ್ಬೇಕು.”

ಈ ಮೂರು ದಿನದ ಎಲ್ಲ ಬೈಗುಳಕ್ಕಿಂತ ಆ ಹಾರದ ಮಾತು ದಿಲ್ಶಾದ್‌ಗೆ ಕೆಟ್ಟದ್ದಾಗಿ ತಾಗಿತು.

“ಅಂಕಲ್,” ಎಂದಳು, “ಫೋನ್ ಸ್ಪೀಕರ್‌ಗೆ ಹಾಕಿ. ತ್ಯಾಗರಾಜ್‌ಗೂ ಕೇಳಿಸ್ಲಿ. ಆಂಟೀನೂ ಕರೀರಿ.”

“ಏನಮ್ಮಾ, ಏನಾಯ್ತು?”

“ಆ ಆಂಟಿ ನಾನೇ ಅಂಕಲ್. ಹಾರ ಬೇಡ. ಅವನ ಕಾಲು ನೋಡೋ ಕೆಲಸ ನನ್ನದಾಗಿತ್ತು, ಹೇಳೋ ಹಕ್ಕು ನನ್ನದಾಗಿರಲಿಲ್ಲ. ಈಗ ನೋಡೋ ಕೆಲಸಾನೂ ಇಲ್ಲ.”

ಆಚೆ ಟಿವಿಯ ದನಿಯನ್ನು ಯಾರೋ ತಗ್ಗಿಸಿದರು.