ಸೂಲಗಿತ್ತಿ ಎತೆಲ್ವಿನಾ ಅಪ್ಪನನ್ನು ಒಳಗೆ ಕರೆದದ್ದು

ಎತೆಲ್ವಿನಾ ಸಿಯಾಗಾಮಾಳ ಹೆಸರು ನಾನು ಮೊದಲು ಕೇಳಿದ್ದು ಬಾಳೆಗೊನೆ ಇಳಿಸುತ್ತಿದ್ದ ದಿನ. ನೆರೆಮನೆಯ ಅಮಾಲಿಯಾ ಸಾನ್ ಹುವಾನ್ ಹೊಳೆಯ ಕಡೆಯಿಂದ ಏದುಸಿರು ಬಿಡುತ್ತ ಏರು ಹತ್ತಿ ಬಂದಳು.

"ಅಕ್ಕಾ, ಕೇಳಿದ್ಯಾ? ಕೆಳಗಿನೂರಿನ ಸೂಲಗಿತ್ತಿ ಎತೆಲ್ವಿನಾ ಪಂಚಾಯ್ತೀಲಿ ಎದ್ದು ನಿಂತು, ಗಂಡಸ್ರ ಮುಂದೇನೇ ಹೇಳಿಬಿಟ್ಳಂತೆ! ಹುಟ್ಟಿದ ಹೆಣ್ಮಕ್ಕಳಿಗೆ ತೊಡೆ ಸಂದೀಲಿ ಕತ್ತರಿಸ್ತೀವಲ್ಲ, ಅದನ್ನ! ಇನ್ಮೇಲೆ ನಾನು ಮಾಡಲ್ಲ ಅಂದ್ಳಂತೆ!"

"ಅಯ್ಯೋ! ಗಂಡಸ್ರು ಏನಂದ್ರು?"

"ಏನಂತಾರೆ? ತೆರೆದ ಬಾಯಿ ಮುಚ್ಚಲೇ ಇಲ್ವಂತೆ!"

ನಮ್ಮ ಎಂಬೆರಾ ಜನದಲ್ಲಿ ಇದು ಹೆಂಗಸರೊಳಗೇ ಉಳಿದ ಮಾತು. ನನ್ನ ಮೊದಲ ಮಗಳು ರಕ್ತ ನಿಲ್ಲದೆ ತೀರಿಕೊಂಡಾಗಲೂ ನನ್ನ ಗಂಡನಿಗೆ ಹಿರಿಯ ಹೆಂಗಸರು ಜ್ವರ ಅಂದರು.

ಸೊಸೆ ಯಾಮಿಲೆ, ಮಗ ಅರ್ನೂಬಿಯೋನ ಹೆಂಡತಿ, ಕೆಳಗಿನೂರಿನವಳು. ಹೆರಿಗೆ ನೋವು ಶುರುವಾದಾಗ ಎತೆಲ್ವಿನಾಳೇ ಬೇಕೆಂದು ಹಟ ಹಿಡಿದಳು. ನಮ್ಮ ಬೆಟ್ಟದ ಸೂಲಗಿತ್ತಿ ನನ್ನ ನಾದಿನಿ ಲಿಗೋರಿಯಾ. ಅವಳೂ ಮುಖ ಊದಿಸಿಕೊಂಡು ಬಂದು ಕೂತಳು. ಎತೆಲ್ವಿನಾ ಕಾಫಿ ಹಣ್ಣು ಬಿಡಿಸುತ್ತ ಬೆಳೆದವಳು. ಕುಳ್ಳಗೆ, ಕತ್ತಿನ ತುಂಬ ಮಣಿಸರ, ನಕ್ಕರೆ ಮನೆಯ ಕಂಬಗಳು ಅದುರಬೇಕು.

ಮಗು ಹುಟ್ಟಿತು. ಹೆಣ್ಣು!

ಲಿಗೋರಿಯಾ ಬ್ಲೇಡು ತೆಗೆದಳು. "ಹಾಗೇ ಬಿಟ್ರೆ ಇವಳು ನಾಳೆ ಗಂಡಸ್ರ ಹಿಂದೆ ಅಲೀತಾಳೆ. ನಿನ್ನ ಕೆಲ್ಸ ಆಯ್ತಲ್ಲ, ನಡಿ."

ಎತೆಲ್ವಿನಾ ವಾದಕ್ಕೇ ಇಳಿಯಲಿಲ್ಲ. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಹೋದಳು. "ಅರ್ನೂಬಿಯೋ, ಬಾರಪ್ಪಾ ಒಳಗೆ!"

ಹೆರಿಗೆ ಕೋಣೆಗೆ ಗಂಡಸು! ಮಗ ನೆಲ ನೋಡುತ್ತ ಬಂದ. ಅವಳು ಮಗುವನ್ನು ಅವನ ಕೈಗಿಟ್ಟಳು.

"ನಿನ್ನ ಸೋದರತ್ತೆ ಇವಳಿಗೆ ಕತ್ತರಿಸ್ಬೇಕಂತಾಳೆ. ಅಪ್ಪ ನೀನು. ಹೇಳು."

"ನಿನ್ನಕ್ಕ ಹೋಗಿದ್ದು ಜ್ವರದಿಂದಲ್ಲ ಕಣೋ, ಇದ್ರಿಂದಾನೇ," ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಏನವ್ವಾ? ನನ್ನ ಮಗಳನ್ನಾ? ಯಾರಾದ್ರೂ ಮುಟ್ಟಿ ನೋಡೋಣ!"

ಮಗ ಬೆಟ್ಟಕ್ಕೆಲ್ಲ ಕೇಳಿಸುವ ಹಾಗೆ ಕೂಗಿದ! ಕಂಬಗಳ ಮೇಲಿನ ನಮ್ಮ ಮನೆಗೆ ಜನ ಏಣಿ ಹತ್ತಿ ಓಡಿ ಬಂದರು. "ಈ ಪುಕ್ಕಲನಿಗೆ ಇಷ್ಟು ದೊಡ್ಡ ಗಂಟಲಿತ್ತಾ!" ಎಂದಳು ಅಮಾಲಿಯಾ. ಸಂಜೆಯೊಳಗೆ ಮನೆಮನೆಯಲ್ಲೂ ಗಂಡಂದಿರು ಹೆಂಡತಿಯರನ್ನು ಕೂರಿಸಿಕೊಂಡು ಕೇಳತೊಡಗಿದ್ದರು. ಮುಂದಿನ ಪಂಚಾಯಿತಿಯಲ್ಲಿ ನಮ್ಮ ಬೆಟ್ಟದ ಹೆಂಗಸರೆಲ್ಲ ಎದ್ದು ನಿಂತು ಬೇಡವೆಂದೆವು, ಲಿಗೋರಿಯಾ ಒಬ್ಬಳನ್ನು ಬಿಟ್ಟು. ಆಮೇಲೆ ಯಾರೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ.

ಎತೆಲ್ವಿನಾ ಹಾಸಿಗೆ ಹಿಡಿದಾಗ ಬೆಲ್ಲದುಂಡೆ ತೆಗೆದುಕೊಂಡು ನೋಡಲು ಹೋದೆ. ಅವಳು ಕೇಳಿದ್ದು ಲಿಗೋರಿಯಾಳ ಬಗ್ಗೆ.

"ಬ್ಲೇಡನ್ನ ಹೊಳೆಗೆ ಎಸೆದ್ಳಂತೆ. ಆದ್ರೂ ಯಾರೂ ನಂಬಲ್ಲ," ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಅಡ್ಡ ನಿಂತ ಮಗೂನ ತಿರುಗಿಸೋದು ಅವಳ ಹಾಗೆ ನಂಗೂ ಬರಲ್ಲ ಕಣೇ. ಯಾಮಿಲೆಗೆ ಮತ್ತೆ ದಿನ ತುಂಬ್ತಾ ಇದೆಯಲ್ಲ, ಲಿಗೋರಿಯಾಳನ್ನೇ ಕರಿ. ಅರ್ನೂಬಿಯೋನ ಒಳಗೇ ಕೂರಿಸ್ಕೊಂಡು ಕರಿ."